ಕ್ಯೂ ತಪ್ಪಿಸಿದವರನ್ನೇ ಸೋಲಿಸಿದ್ದು ಯಾಕೆ?

ಪ್ರಶ್ನೆ: 2022ರಲ್ಲಿ ಶ್ರೀಲಂಕಾದ ಜನ ಪೆಟ್ರೋಲಿಗೆ, ಗ್ಯಾಸಿಗೆ ಕ್ಯೂ ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ರನಿಲ್ ವಿಕ್ರಮಸಿಂಘೆ ಬಂದ ಮೇಲೆ ಆ ಕ್ಯೂ ಹೋಯಿತು. ಆದರೂ 2024ರ ಅಧ್ಯಕ್ಷರ ಚುನಾವಣೆಯಲ್ಲಿ ಜನ ಅವರನ್ನು ಮೂರನೇ ಸ್ಥಾನಕ್ಕೆ ತಳ್ಳಿ ಅನುರ ಕುಮಾರ ದಿಸ್ಸನಾಯಕೆ ಅವರನ್ನು ಗೆಲ್ಲಿಸಿದರು. ಯಾಕೆ ಅಂದರೆ 'ಬದಲಾವಣೆ ಬೇಕಿತ್ತು' ಅನ್ನುತ್ತಾರೆ. ಇದೂ ಒಂದು ಕಾರಣವಾ? ಇಷ್ಟು ಬೇಗ ಉಪಕಾರ ಮರೆಯುತ್ತಾರಾ?
– ಸಾಗರದ ಓದುಗರು

ಉತ್ತರ: ಉಪಕಾರ ಮರೆತರು ಅಂತ ನನಗೆ ಅನ್ನಿಸುವುದಿಲ್ಲ. ಆ ಜನರ ಮನೆಯ ಲೆಕ್ಕ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಣದುಬ್ಬರ ಶೇ 70ರ ಹತ್ತಿರ ಇತ್ತು. ಚುನಾವಣೆ ಹೊತ್ತಿಗೆ ಒಂದಂಕಿಗೆ ಇಳಿದಿತ್ತು, ನಿಜ. ಆದರೆ ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತಲ್ಲ, ಏರುವ ವೇಗ ಕಡಿಮೆಯಾಯಿತು ಅಷ್ಟೇ. ಅಕ್ಕಿ, ಹಾಲಿನ ಪುಡಿ ಹಳೇ ದರಕ್ಕೆ ವಾಪಸ್ ಬರಲಿಲ್ಲ. ಅದರ ಮೇಲೆ 2024ರ ಜನವರಿಯಿಂದ ವ್ಯಾಟ್ ಶೇ 18 ಆಯಿತು, ಕರೆಂಟ್ ಬಿಲ್ಲೂ ಜಾಸ್ತಿಯಾಗಿತ್ತು. ಐಎಂಎಫ್ ಕೊಡಲು ಒಪ್ಪಿದ ಸುಮಾರು 290 ಕೋಟಿ ಡಾಲರ್ ಸಾಲಕ್ಕೆ ಇಂಥ ಷರತ್ತುಗಳಿದ್ದವು. ಪೇಪರಿನಲ್ಲಿ ದೇಶ ಚೇತರಿಸಿಕೊಂಡಿತ್ತು, ಅಡುಗೆಮನೆಗೆ ಅದು ಇನ್ನೂ ಬಂದಿರಲಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ರನಿಲ್ ಅವರನ್ನು ಆ ಕುರ್ಚಿಗೆ ತಂದದ್ದು ಜನ ಅಲ್ಲ. 2022ರ ಜುಲೈನಲ್ಲಿ ಜನ ಬೀದಿಗಿಳಿದು, ಅಧ್ಯಕ್ಷರ ಮನೆಯೊಳಗೇ ನುಗ್ಗಿ, ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡುವಂತೆ ಮಾಡಿದರಲ್ಲ, ಆಮೇಲೆ ಹೊಸ ಅಧ್ಯಕ್ಷರನ್ನು ಆರಿಸಿದ್ದು ಸಂಸದರು. ಆ ಸಂಸತ್ತಿನಲ್ಲಿ ರನಿಲ್ ಪಕ್ಷಕ್ಕೆ ಇದ್ದದ್ದು ಒಂದೇ ಸೀಟು. ಅವರು ಗೆದ್ದದ್ದು ರಾಜಪಕ್ಸರ ಪಕ್ಷದವರ ಬೆಂಬಲದಿಂದ. ಹಾಗಾಗಿ ಬೀದಿಯಲ್ಲಿ ನಿಂತಿದ್ದ ಎಷ್ಟೋ ಜನರಿಗೆ ತಮ್ಮ ಕೆಲಸ ಅರ್ಧಕ್ಕೇ ನಿಂತಂತೆ ಅನ್ನಿಸಿತ್ತು. ಅನುರ 2019ರಲ್ಲೂ ನಿಂತಿದ್ದರು, ಆಗ ಬಂದದ್ದು ಶೇ 3ರಷ್ಟು. 2024ರಲ್ಲಿ ಶೇ 42 ದಾಟಿತು. ಅಭ್ಯರ್ಥಿ ಅವರೇ. ಈ ಐದು ವರ್ಷದಲ್ಲಿ ಜನ ಏನೇನು ಅನುಭವಿಸಿದರು ಅನ್ನುವುದೇ ಆ ವ್ಯತ್ಯಾಸ. 'ಎಲ್ಲರನ್ನೂ ನೋಡಿಯಾಯಿತು, ಒಂದ್ಸಲ ಇವರಿಗೂ ಕೊಡೋಣ' ಅನ್ನುವವನು ಯೋಚನೆ ಮಾಡದೆ ಹೇಳುತ್ತಿಲ್ಲ. ಇಷ್ಟೂ ಕಥೆಯನ್ನು ಟಿವಿಯವರ ಮೈಕಿನ ಮುಂದೆ ಅರ್ಧ ನಿಮಿಷದಲ್ಲಿ ಹೇಳಲು ಆಗುವುದಿಲ್ಲ, ಅಲ್ವಾ?

ಹಾಗಂತ ಜನ ಹೇಳುವ ಕಾರಣವೆಲ್ಲ ಪೂರ್ತಿ ನಿಜ ಅಂತಲೂ ನಾನು ಹೇಳುವುದಿಲ್ಲ. ಮೊದಲು ಮನಸ್ಸು ಒಬ್ಬರ ಕಡೆ ವಾಲುತ್ತದೆ, ಕಾರಣ ಆಮೇಲೆ ಕೂಡಿಕೊಳ್ಳುತ್ತದೆ. ಇದು ನಮ್ಮೆಲ್ಲರಿಗೂ ಆಗುವಂಥದ್ದೇ. 2019ರಲ್ಲಿ ಈಸ್ಟರ್ ದಿನ ಚರ್ಚು, ಹೋಟೆಲ್‌ಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತ ಮೇಲೆ, 'ದೇಶಕ್ಕೆ ಭದ್ರತೆ ಬೇಕು' ಅಂತ ಗೋಟಬಯ ಅವರಿಗೆ ಶೇ 52ರಷ್ಟು ಮತ ಬಿತ್ತು. ಅದೇ ಕುಟುಂಬದ ನಮಲ್‌ಗೆ 2024ರಲ್ಲಿ ಶೇ 3 ಕೂಡ ಬರಲಿಲ್ಲ. ಭದ್ರತೆ ಬೇಡವಾಗಿತ್ತು ಅಂತಲ್ಲ. ಅದಕ್ಕಿಂತ ದೊಡ್ಡ ನೋವು ಮಧ್ಯೆ ಬಂದಿತ್ತು. ಮತದಾರ ಹೇಳುವ ಕಾರಣದಲ್ಲಿ ಹೊಸ ಗಾಯವೇ ಮೊದಲು ಕಾಣುತ್ತದೆ.

ಪ್ರಶ್ನೆ: ಅಲ್ಲಿನ ತಮಿಳರು ಏನೇ ಕಾರಣ ಹೇಳಲಿ, ಭಾಷೆ ನೋಡಿಯೇ ಓಟು ಹಾಕೋದು ಅಂತ ನನ್ನ ಭಾವ ವಾದ ಮಾಡುತ್ತಾರೆ. ಹೌದಾ?
– ಹೊಸಪೇಟೆಯ ಓದುಗರು

ಉತ್ತರ: ನಿಮ್ಮ ಭಾವನವರಿಗೆ ಫಲಿತಾಂಶ ತೋರಿಸಿ. ತಮಿಳರು ಹೆಚ್ಚಾಗಿರುವ ಉತ್ತರ, ಪೂರ್ವ ಪ್ರಾಂತ್ಯಗಳಲ್ಲಿ, ಟೀ ತೋಟಗಳ ನುವಾರ ಎಲಿಯದಲ್ಲಿ ಮುಂದೆ ಬಂದದ್ದು ದೇಶದಲ್ಲಿ ಎರಡನೇ ಸ್ಥಾನ ಪಡೆದ ಸಜಿತ್ ಪ್ರೇಮದಾಸ, ಅವರು ಸಿಂಹಳೀಯರು. ತಮಿಳರದೇ ಜಂಟಿ ಅಭ್ಯರ್ಥಿಯಾಗಿ ನಿಂತ ಅರಿಯನೇಂದ್ರನ್ ಅವರಿಗೆ ಇಡೀ ದೇಶದಲ್ಲಿ ಬಂದದ್ದು ಸುಮಾರು ಎರಡೂಕಾಲು ಲಕ್ಷ ಮತ. ಅನುರ ಅವರ ಮೇಲೆ ಅನುಮಾನ ಇದ್ದದ್ದು ನಿಜ. ಅವರ ಜೆವಿಪಿ ಪಕ್ಷ ಹಿಂದೆ ತಮಿಳು ಪ್ರದೇಶಗಳಿಗೆ ಅಧಿಕಾರ ಹಂಚುವುದನ್ನು ವಿರೋಧಿಸಿತ್ತು, ಉತ್ತರ–ಪೂರ್ವ ಪ್ರಾಂತ್ಯಗಳನ್ನು ಬೇರೆ ಮಾಡಿಸಲು ಕೋರ್ಟಿಗೂ ಹೋಗಿತ್ತು. ಅದನ್ನು ಅನುಭವಿಸಿದವರು ಮರೆಯುವುದು ಹೇಗೆ? ತೋಟದ ಲೈನ್ ಮನೆಗಳಲ್ಲಿ ಇರುವವರಿಗೋ ದಿನಗೂಲಿ, ಸ್ವಂತ ಜಾಗ, ಇವೇ ಮುಖ್ಯ ವಿಷಯ. ಇನ್ನೂ ಒಂದು ಮಾತು: ಎರಡೇ ತಿಂಗಳಲ್ಲಿ, ನವೆಂಬರ್ 14ರ ಸಂಸತ್ ಚುನಾವಣೆಯಲ್ಲಿ, ತಮಿಳರೇ ಹೆಚ್ಚಿರುವ ಜಾಫ್ನಾ ಜಿಲ್ಲೆಯಲ್ಲೇ ಅನುರ ಅವರ ಒಕ್ಕೂಟ ಮೊದಲ ಸ್ಥಾನಕ್ಕೆ ಬಂತು. ಬರೀ ಭಾಷೆಯೇ ಕಾರಣವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಪ್ರಶ್ನೆ: ಅಲ್ಲಿ ಎರಡನೇ ಸುತ್ತು ಎಣಿಸಿದರಂತೆ. ಜನ ಮತ್ತೆ ಬೂತಿಗೆ ಹೋಗಿದ್ದರಾ?
– ಮಂಡ್ಯದ ಓದುಗರು

ಉತ್ತರ: ಇಲ್ಲ, ಒಂದೇ ಸಲ. ಚೀಟಿಯಲ್ಲಿ ಮೂವರಿಗೆ 1, 2, 3 ಅಂತ ಹಾಕಬಹುದು. ಯಾರೂ ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಮಾತ್ರ ಉಳಿಸಿಕೊಂಡು, ಮಿಕ್ಕವರ ಚೀಟಿಗಳಲ್ಲಿ ಈ ಇಬ್ಬರಿಗೆ ಬಿದ್ದ ಮುಂದಿನ ಗುರುತು ನೋಡುತ್ತಾರೆ. 1982ರಿಂದ ಅಧ್ಯಕ್ಷರ ಚುನಾವಣೆ ನಡೆದರೂ ಹೀಗೆ ಎಣಿಸಬೇಕಾಗಿ ಬಂದದ್ದು 2024ರಲ್ಲೇ ಮೊದಲು. ಅದರಿಂದ ಅನುರ ಅವರಿಗೆ ಸೇರಿದ್ದು ಒಂದು ಲಕ್ಷದಷ್ಟು, ಸಜಿತ್ ಅವರಿಗೆ ಅದಕ್ಕಿಂತ ಜಾಸ್ತಿ, ಆದರೂ ಕೊನೆಗೆ ಒಟ್ಟು 57 ಲಕ್ಷ ಚಿಲ್ಲರೆ ಮತ ಪಡೆದು ಅನುರ ಗೆದ್ದರು. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಹೀಗೇ 1, 2 ಅಂತ ಹಾಕುವ ಕ್ರಮ ಇದೆ, ಆದರೆ ಹಾಕುವವರು ಸಂಸದರು, ಶಾಸಕರು.