"ನಾನು ಬರೀ ಕೇಳಿದೆ ಅಷ್ಟೇ, ಮೇಡಂ"

ಆಪ್ತಸಮಾಲೋಚನೆಗೆ (ಕೌನ್ಸೆಲಿಂಗ್‌ಗೆ) ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಇಲ್ಲಿ ಅವರನ್ನು ವಸುಧಾ ಎಂದು ಕರೆಯುತ್ತೇನೆ.

ವಸುಧಾ ಜಯನಗರದ ನನ್ನ ಕೊಠಡಿಗೆ ಮೊದಲು ಬಂದದ್ದು ಒಂದು ಶನಿವಾರ ಬೆಳಿಗ್ಗೆ. ವಯಸ್ಸು 39. 15 ವರ್ಷ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆದವರು. ಹತ್ತು ತಿಂಗಳ ಹಿಂದೆ ಪ್ರಮೋಷನ್ ಸಿಕ್ಕಿ ಸೊಲ್ಯೂಷನ್ ಆರ್ಕಿಟೆಕ್ಟ್ ಆಗಿದ್ದರು, ಅಂದರೆ ಗ್ರಾಹಕರ ಅಗತ್ಯ ಕೇಳಿ ಸಾಫ್ಟ್‌ವೇರಿನ ನಕ್ಷೆ ಹಾಕಿಕೊಡುವವರು. ಸಂಬಳ ಏರಿತ್ತು. ಆಫೀಸಿನಲ್ಲಿ ಯಾರೂ ಒಂದು ಮಾತು ಅಂದಿರಲಿಲ್ಲ. ಆದರೂ ಮೂರು ತಿಂಗಳಿಂದ ನಿದ್ದೆ ಇಲ್ಲ. ಏನು ತೊಂದರೆ ಎಂದು ಕೇಳಿದೆ. ಬ್ಯಾಗನ್ನು ತೊಡೆ ಮೇಲೆ ಹಿಡಿದುಕೊಂಡೇ ಹೇಳಿದರು: "ನಾನು ಕೆಲಸಾನೇ ಮಾಡ್ತಿಲ್ಲ ಮೇಡಂ. ಇದು ಎಲ್ಲರಿಗೂ ಯಾವತ್ತು ಗೊತ್ತಾಗತ್ತೋ ಅಂತ ಭಯ."

ದಿನವಿಡೀ ಏನು ಮಾಡುತ್ತೀರಿ ಎಂದೆ. ಮೀಟಿಂಗು, ಬೋರ್ಡ್ ಮೇಲೆ ಚೌಕ ಬಾಣ ಬರೆಯುವುದು, ಮತ್ತೆ ಮೀಟಿಂಗು. ಮೊದಲಾದರೆ ಸಂಜೆ ಹೊತ್ತಿಗೆ ಬರೆದ ಕೋಡ್ ಓಡುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು. ಈಗ ಮನೆಗೆ ಹೋದ ಮೇಲೆ ತೋರಿಸಲು ಏನೂ ಇಲ್ಲ. ಹಾಗಾಗಿ ಮಗಳು ಮಲಗಿದ ಮೇಲೆ, ರಾತ್ರಿ 11ಕ್ಕೆ ಲ್ಯಾಪ್‌ಟಾಪ್ ತೆರೆದು ತಂಡದ ಹುಡುಗರು ಬರೆದ ಕೋಡನ್ನು ತಾವೇ ಹೊಸದಾಗಿ ಬರೆಯುತ್ತಿದ್ದರು. ಒಬ್ಬ ಹುಡುಗ ಬೇಸರಪಟ್ಟು ಬೇರೆ ತಂಡಕ್ಕೆ ಹೋಗಿದ್ದ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು.

ಇಂಥವರು ಬಂದಾಗ ನಾನು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇನೆ. ಊಟ ಹೇಗಿದೆ, ಬದುಕೇ ಬೇಡ ಅನ್ನಿಸಿದೆಯಾ, ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀರಿ. ಅಂಥ ಯೋಚನೆ ಅವರಿಗೆ ಬಂದಿರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎಲ್ಲರಿಗೂ ಕೊಡುತ್ತೇನೆ.

ಅವರು ನನ್ನಿಂದ ಬಯಸಿದ್ದೇ ಬೇರೆ. ಏಕಾಗ್ರತೆ ಬರಲು ಏನಾದರೂ ಉಪಾಯ ಬೇಕಿತ್ತು, ಪರೀಕ್ಷೆಗೆ ಓದಲು. ಇಂಟರ್ನೆಟ್ ಮೂಲಕ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಮೆಜಾನ್ ಕ್ಲೌಡ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಆಗಲೇ ಪಾಸಾಗಿತ್ತು. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ. ಅದರ ಮೇಲಿನ ಪ್ರೊಫೆಷನಲ್ ಪರೀಕ್ಷೆಗೂ ಟೋಗಾಫ್ ಎಂಬ ಇನ್ನೊಂದು ಪರೀಕ್ಷೆಗೂ ಒಟ್ಟಿಗೇ ದುಡ್ಡು ಕಟ್ಟಲು ಹೊರಟಿದ್ದರು. "ಎರಡೂ ಆದ್ರೆ ನಾನು ನಿಜವಾಗ್ಲೂ ಆರ್ಕಿಟೆಕ್ಟ್ ಅನ್ನೋ ಧೈರ್ಯ ಬರತ್ತೆ." ಹೋದ ಸರ್ಟಿಫಿಕೇಟಿನಿಂದ ಆ ಧೈರ್ಯ ಎಷ್ಟು ದಿನ ಇತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ವಾರ."

ಮುಂದಿನ ಸಲ ಬರುವಾಗ ನೀವು ಬೋರ್ಡ್ ಮೇಲೆ ಬರೆಯುವಂಥ ಒಂದು ಚಿತ್ರ ತನ್ನಿ, ಕಂಪನಿ ಹೆಸರು ಅಳಿಸಿ ಎಂದೆ. ನನಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ. ಆದರೆ ಒಬ್ಬರು ತಮ್ಮ ಕೆಲಸವನ್ನು ಬಿಡಿಸಿ ಹೇಳುವುದನ್ನು ಕೇಳದೆ ಅವರ ಸಂಕಟ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ತಂದರು. ಸಾಲ ಕೊಡುವ ಒಂದು ಸಂಸ್ಥೆಗೆ ಮಾಡಿದ್ದು. ಆ ಸಂಸ್ಥೆಯವರು ಬಂದಾಗಲೇ ಹೇಳಿದ್ದರಂತೆ: ಮುಂಬೈ, ಹೈದರಾಬಾದ್ ಎರಡೂ ಕಡೆಯ ಡೇಟಾ ಸೆಂಟರ್‌ಗಳಲ್ಲಿ ನಮ್ಮ ಕಂಪ್ಯೂಟರ್ ವ್ಯವಸ್ಥೆ ಒಟ್ಟಿಗೇ ಓಡಬೇಕು, ಒಂದು ಕ್ಷಣವೂ ನಿಲ್ಲಬಾರದು. ವಸುಧಾ ಆ ಸಂಸ್ಥೆಯವರಿಗೆ ಎರಡೇ ಪ್ರಶ್ನೆ ಕೇಳಿದ್ದರು. ಎಷ್ಟು ಹೊತ್ತು ನಿಂತರೆ ನೀವು ತಡೆದುಕೊಳ್ಳಬಹುದು? ಎಷ್ಟು ಹೊತ್ತಿನ ಲೆಕ್ಕ ಕಳೆದುಹೋದರೆ ತಡೆದುಕೊಳ್ಳಬಹುದು? ವ್ಯವಸ್ಥೆ ಶೇಕಡಾ 99.9ರಷ್ಟು ಹೊತ್ತು ಓಡುತ್ತಿರಬೇಕು ಎಂದರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು. ಇನ್ನೊಂದು 9 ಸೇರಿಸಿ 99.99 ಎಂದರೆ ಇಡೀ ವರ್ಷಕ್ಕೆ ಸುಮಾರು 52 ನಿಮಿಷ. ಆ ಒಂದು 9ಕ್ಕೆ ಬೀಳುವ ಖರ್ಚು ಬಹಳ. ಶಾಖೆಗಳು ಸಂಜೆ ಮುಚ್ಚುತ್ತವೆ, ರಾತ್ರಿ ಯಾರೂ ಬಳಸುವುದಿಲ್ಲ ಎಂಬುದು ಆ ಮಾತುಕತೆಯಲ್ಲಿ ಹೊರಬಂತು. ಒಂದು ಸಂಗತಿ ಮಾತ್ರ ಅವರಿಗೆ ಜೀವನ್ಮರಣದ್ದಾಗಿತ್ತು. ಗ್ರಾಹಕರು ಕಟ್ಟಿದ ಕಂತಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಳೆಯಬಾರದು. ಕೊನೆಗೆ ಮುಂಬೈಯಲ್ಲಿ ಓಡಿಸುವುದು, ಕಂತಿನ ಲೆಕ್ಕದ ನಕಲು ಮಾತ್ರ ಆ ಕ್ಷಣವೇ ಹೈದರಾಬಾದಿಗೂ ಹೋಗುವುದು, ಮುಂಬೈ ಬಿದ್ದರೆ ನಾಲ್ಕು ಗಂಟೆಯೊಳಗೆ ಅಲ್ಲಿ ಎಬ್ಬಿಸುವುದು ಎಂದು ತೀರ್ಮಾನವಾಯಿತು. ಎರಡೂ ಊರಿನಲ್ಲಿ ಹಗಲೂ ರಾತ್ರಿ ಎಲ್ಲವನ್ನೂ ಓಡಿಸುವ ಖರ್ಚು ಉಳಿಯಿತು.

"ಇದನ್ನ ಮಾಡಿದ್ದು ಯಾರು?" ಎಂದೆ.

"ಕೋಡೆಲ್ಲ ತಂಡದವರೇ ಬರೆದರು. ನಾನು ಬರೀ ಕೇಳಿದೆ ಅಷ್ಟೇ, ಮೇಡಂ."

ಆ ಮಾತಿನ ಮೇಲೇ ನಾವು ಒಂದು ಗಂಟೆ ಕಳೆದೆವು. ಬರೀ ಕೇಳಿದೆ ಎನ್ನುವ ಮಾತು ಎಲ್ಲಿಂದ ಬಂತು ಎಂದು ಹುಡುಕಿದರೆ ಅವರ ಅಪ್ಪನ ಹತ್ತಿರ ಹೋಯಿತು. ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಜೋಡಣೆ ಕೆಲಸ ಮಾಡುತ್ತಿದ್ದವರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಮನೆಗೆ ಬಂದು ಕೈಕಾಲು ತೊಳೆದು, ಕಾಫಿ ಕುಡಿಯುತ್ತಾ ಇವತ್ತು ಇಷ್ಟು ಪೀಸ್ ಆಯ್ತು ಎಂದು ಹೇಳುತ್ತಿದ್ದರಂತೆ. ಆ ಮನೆಯಲ್ಲಿ ಕೆಲಸ ಎಂದರೆ ಎಣಿಸಲು ಬರುವ ವಸ್ತು. ವಸುಧಾ 15 ವರ್ಷ ಅದೇ ಅಳತೆಯಲ್ಲಿ ತಮ್ಮನ್ನು ಅಳೆದುಕೊಂಡಿದ್ದರು. ಕೋಡಿನ ಕೆಲಸಕ್ಕೆ ಆ ಅಳತೆ ಹೊಂದುತ್ತಿತ್ತು. ಈಗ ಹೊಂದುತ್ತಿಲ್ಲ.

ಪ್ರಮೋಷನ್ ಎಂದರೆ ಖುಷಿ ಎಂದೇ ನಾವೆಲ್ಲ ತಿಳಿಯುತ್ತೇವೆ. ಚೆನ್ನಾಗಿ ಬರುತ್ತಿದ್ದ ಕೆಲಸವೊಂದನ್ನು ಅವರು ಕಳೆದುಕೊಂಡಿದ್ದರು. ಅದಕ್ಕಾಗಿ ಅಳಲು ಯಾರೂ ಅವಕಾಶ ಕೊಟ್ಟಿರಲಿಲ್ಲ. ನಾನು ಕೊಟ್ಟ ಮೊದಲ ಸಲಹೆ ಇದೇ: ಕೋಡ್ ಬರೆಯುವುದು ತಪ್ಪಿದ್ದಕ್ಕೆ ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳಿ, ಮನೆಯವರ ಹತ್ತಿರವೂ ಹೇಳಿ. ಅವರ ಗಂಡ ಒಂದು ಸಲ ಜೊತೆಗೆ ಬಂದರು. ಹಳೇ ಕೆಲಸಕ್ಕೇ ವಾಪಸ್ ಹೋಗಲಿ ಎನ್ನುತ್ತಿದ್ದವರು ಅಂದು ಹೆಚ್ಚು ಮಾತಾಡದೆ ಕೇಳಿಸಿಕೊಂಡರು.

ಎರಡನೆಯದು ಪುಸ್ತಕ. ನಿಮ್ಮ ಕ್ಷೇತ್ರದಲ್ಲಿ ತೀರ್ಮಾನಗಳನ್ನು ಬರೆದಿಡುವ ರೂಢಿ ಇದೆಯಾ ಎಂದು ಕೇಳಿದೆ. ಇದೆ ಎಂದರು. ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್) ಅನ್ನುತ್ತಾರಂತೆ. ಮೈಕೆಲ್ ನೈಗಾರ್ಡ್ ಎಂಬ ಸಾಫ್ಟ್‌ವೇರ್ ತಜ್ಞರು 2011ರಲ್ಲಿ ಇದರ ಬಗ್ಗೆ ಬರೆದ ಮೇಲೆ ಬಳಕೆ ಹೆಚ್ಚಾಯಿತು. ಒಂದೆರಡು ಪುಟ ಸಾಕು. ಪರಿಸ್ಥಿತಿ ಏನಿತ್ತು, ಏನು ತೀರ್ಮಾನಿಸಿದೆವು, ಅದರಿಂದ ಯಾವುದು ಸಲೀಸಾಗುತ್ತದೆ, ಯಾವುದು ಕಷ್ಟವಾಗುತ್ತದೆ. ಅವರು ಅದನ್ನು ಆಡಿಟ್‌ಗೆಂದು ತುಂಬುವ ಕಾಗದ ಎಂದುಕೊಂಡಿದ್ದರು. ನಾನು ಹೇಳಿದೆ: ಆಫೀಸಿಗೆ ಅಲ್ಲಿಯದು ಇರಲಿ, ನಿಮಗೆ ಅಂತ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಒಂದು ತೀರ್ಮಾನ, ಇಲ್ಲವೇ ಕೇಳಿದ ಒಂದು ಒಳ್ಳೆ ಪ್ರಶ್ನೆ, ಕನ್ನಡದಲ್ಲೇ ಬರೆಯಿರಿ. ಅಪ್ಪ ಪೀಸ್ ಎಣಿಸಿದ ಹಾಗೆ ಎಣಿಸಿ.

ರಾತ್ರಿಯ ಕೋಡ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳಿದೆ. ಹುಡುಗರ ಕೋಡ್ ತಿದ್ದಬೇಡಿ. ತಪ್ಪು ಕಂಡರೆ ಹಗಲಲ್ಲಿ ಪಕ್ಕ ಕೂತು ಕೇಳಿ, ಇದನ್ನು ಹೀಗೆ ಯಾಕೆ ಮಾಡಿದೆ ಎಂದು. ಪೂರ್ತಿ ಬಿಟ್ಟುಬಿಡಿ ಎಂದೂ ಹೇಳಲಿಲ್ಲ. ಕೈಯಲ್ಲಿ ಕೋಡ್ ಇಲ್ಲದ ಆರ್ಕಿಟೆಕ್ಟ್ ನಿಧಾನಕ್ಕೆ ನೆಲ ಮರೆಯುತ್ತಾರೆ ಎಂದು ಈ ಕೆಲಸದವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆ, ಪ್ರಯೋಗದ ಕೋಡ್ ಮಾತ್ರ, ಯಾರದ್ದನ್ನೂ ಮುಟ್ಟದೆ ಎಂದು ಗೊತ್ತುಮಾಡಿದೆವು. ಲ್ಯಾಪ್‌ಟಾಪ್ ನಡುಮನೆಯಲ್ಲಿ ಮಲಗಲಿ. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಹೋಗುವ ಅಗತ್ಯ ಬೀಳಲಿಲ್ಲ.

ಇನ್ನು ತರಬೇತಿ. ಪರೀಕ್ಷೆ ಬೇಡ ಎನ್ನಲು ನನಗೆ ಅಧಿಕಾರವಿಲ್ಲ, ಹಾಗೆ ಹೇಳಲೂ ಇಲ್ಲ. ಕ್ಲೌಡ್ ಪರೀಕ್ಷೆಗೆ ಓದಿದ್ದರಿಂದಲೇ ಸುರಕ್ಷತೆ, ಖರ್ಚು, ವೇಗ, ಬಿದ್ದರೆ ಏಳುವ ಶಕ್ತಿ ಎಲ್ಲವನ್ನೂ ಒಟ್ಟಿಗೆ ತೂಗಲು ಕಲಿತೆ ಎಂದು ಅವರೇ ಹೇಳಿದರು. ಟೋಗಾಫ್ 1995ರಿಂದ ಇರುವ ಚೌಕಟ್ಟು. ಅದು ಇಡೀ ಸಂಸ್ಥೆಯ ತಂತ್ರಜ್ಞಾನವನ್ನು ಯೋಜಿಸುವವರಿಗೆ ಹೆಚ್ಚು ಹತ್ತಿರ. ಒಂದು ವ್ಯವಹಾರಕ್ಕೆ ಒಂದು ಪರಿಹಾರ ಕಟ್ಟುವ ಇವರ ಈಗಿನ ಕೆಲಸಕ್ಕೆ ತಕ್ಷಣಕ್ಕೆ ಬೇಕಿಲ್ಲ ಎಂಬುದು ಮಾತಾಡುತ್ತಾ ಅವರಿಗೇ ಹೊಳೆಯಿತು. ಅದನ್ನು ಮುಂದಕ್ಕೆ ಹಾಕಿದರು.

ನಾನು ಕಲಿಸಬಲ್ಲದ್ದನ್ನು ನಾನು ಕಲಿಸಿದೆ. ನನ್ನ ಹತ್ತಿರ ಬರುವವರು ಮೊದಲು ಹೇಳುವ ಸಮಸ್ಯೆ ಸಾಮಾನ್ಯವಾಗಿ ನಿಜವಾದ ಸಮಸ್ಯೆ ಆಗಿರುವುದಿಲ್ಲ. ಅವರ ಹತ್ತಿರ ಬರುವವರೂ ಹಾಗೇ ಅಲ್ವಾ? ಆ್ಯಪ್ ಬೇಕು ಎನ್ನುತ್ತಾರೆ. ಬೇಕಾಗಿರುವುದು ಎರಡು ವಿಭಾಗಗಳ ನಡುವೆ ಒಂದೇ ಲೆಕ್ಕ. ಹಾಗಾಗಿ ನಾನು ಗ್ರಾಹಕಳಾದೆ, ಅವರು ಪ್ರಶ್ನೆ ಕೇಳಿದರು. ಹೌದು ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳುವುದು. ಉತ್ತರ ಬಂದ ಮೇಲೆ ಐದು ಸೆಕೆಂಡ್ ಸುಮ್ನಿರುವುದು. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿ, ಸರಿಯಾ ಎಂದು ಕೇಳುವುದು. ಸುಮ್ನಿರುವುದೇ ಅವರಿಗೆ ತುಂಬಾ ಕಷ್ಟವಾಯಿತು. ಅರ್ಧ ಉತ್ತರಕ್ಕೇ ಕೈ ಪೆನ್ನಿನ ಕಡೆ ಹೋಗುತ್ತಿತ್ತು.

ಐದನೇ ಭೇಟಿಗೆ ಒಂದು ಸುದ್ದಿ ತಂದರು. ಅಪ್ಪನಿಗೆ ನೋಟ್‌ಬುಕ್ ಓದಿ ಹೇಳಿದ್ದರಂತೆ. ಅಪ್ಪ ಪೂರ್ತಿ ಕೇಳಿ, "ಓಹೋ, ನೀನೀಗ ಡ್ರಾಯಿಂಗ್ ಆಫೀಸಲ್ಲಿದೀಯಾ" ಎಂದರಂತೆ. "ಅವರು ಒಂದು ಗೆರೆ ತಪ್ಪಿದ್ರೆ ನಮ್ಮ ಇಡೀ ಲಾಟ್ ರಿಜೆಕ್ಟ್ ಆಗ್ತಿತ್ತು ಕಣಮ್ಮ."

ಬೇರೆ ತಂಡಕ್ಕೆ ಹೋದ ಹುಡುಗನ ಹತ್ತಿರ ವಸುಧಾ ಕ್ಷಮೆ ಕೇಳಿದರು. ಅವನು ವಾಪಸ್ ಬರಲಿಲ್ಲ. ಆ ನೋವು ಇನ್ನೂ ಇದೆ.

ಮೊನ್ನೆ ಎಂಟನೇ ಸಲ ಬಂದಾಗ ನೋಟ್‌ಬುಕ್ಕಿನ 31ನೇ ಪುಟ ತೆರೆದು ತೋರಿಸಿದರು. ಎರಡು ತಿಂಗಳ ಹಿಂದಿನ ಒಂದು ತೀರ್ಮಾನ ತಪ್ಪು ಎಂದು ಈಗ ಗೊತ್ತಾಗಿದೆ. ಗ್ರಾಹಕರಿಗೆ ಇನ್ನೂ ಹೇಳಿಲ್ಲ, ಸೋಮವಾರ ಹೇಳಬೇಕು. ಹೇಗೆ ಹೇಳುವುದು ಎಂದು ಕೇಳಿದರು. ಪೆನ್ನು ಕೊಟ್ಟೆ. ಅವರು ಮೊದಲ ವಾಕ್ಯ ಬರೆದು ಹೊಡೆದುಹಾಕಿ, ಇನ್ನೊಂದು ಬರೆದರು.