ಚೀನೀ ಭಾಷೆ ಕಲಿಯುವವರಿಗೆ ದಿನಬಳಕೆಯ ಮಾತುಗಳನ್ನು ಹೇಗೆ ಕಲಿಸುವುದು?

ನಿಮ್ಮ ಕಚೇರಿಯ ಎಂಟು ಮಂದಿ ಮೂರು ವಾರಕ್ಕೆ ದಕ್ಷಿಣ ಚೀನಾದ ಶೆನ್‌ಝೆನ್‌ಗೆ ಹೊರಟಿದ್ದಾರೆ, ಐವತ್ತು ವಾಕ್ಯಗಳ ಪಟ್ಟಿ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಐವತ್ತು ಬೇಡ, ಹದಿನೈದು ಸಾಕು. ಆದರೆ ಒಂದೊಂದಕ್ಕೂ ಎದುರಿನವರ ಉತ್ತರವನ್ನು ಸೇರಿಸಿಯೇ ಕಲಿಸಿ. ಪ್ರಶ್ನೆ ಬಾಯಿಪಾಠ ಮಾಡಿ ಹೋದವರು ಉತ್ತರ ಕಿವಿಗೆ ಬಿದ್ದಾಗ ಕಂಗಾಲಾಗುವುದನ್ನು ಬಹಳ ಸಲ ಕಂಡಿದ್ದೇನೆ.

ನಾನೂ ಹಾಗೆ ಕಂಗಾಲಾದವನೇ. ಬೀಜಿಂಗ್‌ನಲ್ಲಿದ್ದ ಮೊದಲ ತಿಂಗಳು, ಕೆಳಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ 'ಛ್ ಲ ಮ?' ಅನ್ನುತ್ತಿದ್ದರು. 'ಊಟ ಆಯಿತೇ?' ಎಂದರ್ಥ. ಇಂಗ್ಲಿಷ್ ಪುಸ್ತಕದಿಂದ ಕಲಿತಿದ್ದ ನಾನು ಏನು ತಿಂದೆ, ಯಾವಾಗ ತಿಂದೆ ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುವಷ್ಟರಲ್ಲಿ ಅವರು ತಿರುವು ದಾಟಿರುತ್ತಿದ್ದರು. ನಮ್ಮೂರಿನಲ್ಲಿ ಯಾರಾದರೂ 'ಊಟ ಆಯಿತೇ?' ಎಂದರೆ 'ಆಯಿತು, ನಿಮ್ಮದು?' ಎಂದು ಮುಗಿಸುತ್ತೇವಲ್ಲ, ಅಲ್ಲಿಯೂ ಅಷ್ಟೇ: 'ಛ್ ಲ, ನೀ ನ?' ಕನ್ನಡಿಗನಿಗೆ ಗೊತ್ತೇ ಇದ್ದ ಸಂಗತಿ, ನಡುವೆ ಇಂಗ್ಲಿಷ್ ಅಡ್ಡ ನಿಂತಿತ್ತು. ಹಾಗಾಗಿ ಅರ್ಥವನ್ನು ನೇರವಾಗಿ ಕನ್ನಡದಲ್ಲಿ ಹೇಳಿ. ಶೆನ್‌ಝೆನ್‌ನಂಥ ಹೊಸ ನಗರದಲ್ಲಿ, ಅದರಲ್ಲೂ ಹರೆಯದವರಲ್ಲಿ, ಈ ಮಾತು ಕಡಿಮೆ ಎಂಬುದನ್ನೂ ತಿಳಿಸಿ.

ಎಲ್ಲವೂ ಹೀಗೆ ಹೊಂದುವುದಿಲ್ಲ. ಹೊರಟವರನ್ನು 'ಎಲ್ಲಿಗೆ?' ಎಂದು ಕೇಳಬಾರದೆಂದು ನಮ್ಮ ಹಿರಿಯರು 'ದೂರ ಹೊರಟಿರಾ?' ಅನ್ನುತ್ತಾರೆ. ಅಲ್ಲಿ ಪರಿಚಿತರು 'ಛ್ಯು ನಾರ್?', ಅಂದರೆ 'ಎಲ್ಲಿಗೆ?' ಎಂದು ನೇರವಾಗಿಯೇ ಕೇಳುತ್ತಾರೆ. ಅದು ವಿಚಾರಣೆಯಲ್ಲ, ಬರಿಯ ಮಾತನಾಡಿಸುವಿಕೆ. 'ಸ್ವಲ್ಪ ಹೊರಗೆ' ಎಂದರೆ ಸಾಕು.

ಇನ್ನು 'ನೀ ಹಾವ್', ಅಂದರೆ ನಮಸ್ಕಾರ. ತರಗತಿಯಲ್ಲಿ 'ನೀನು ಹಾವು!' ಎಂದು ನಗೆ ಏಳದೆ ಇರುವುದಿಲ್ಲ, ಏಳಲಿ ಬಿಡಿ, ಮರೆಯುವುದಿಲ್ಲ. ಚೀನೀ ಪದಗಳಿಗೆ ಗೊತ್ತಾದ ದನಿಯ ಏರಿಳಿತವಿದೆ, ಅದನ್ನೇ ಇಲ್ಲಿ 'ಸ್ವರ' ಅನ್ನುತ್ತೇನೆ. ಈ ಎರಡೂ ಪದಗಳು ಮೂರನೆಯ, ಅಂದರೆ ತಗ್ಗಿದ, ಸ್ವರದವು, ಆದರೆ ಒಟ್ಟಿಗೆ ಬಂದಾಗ ಮೊದಲನೆಯದು ಎರಡನೆಯ ಸ್ವರಕ್ಕೆ ಏರುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡಿ. ದಿನಾ ಕಾಣುವವರಿಗೆ 'ನೀ ಹಾವ್' ಅನ್ನುವುದು ತುಸು ಬಿಗುವಾಗಿ ಕೇಳಿಸುತ್ತದೆ. ಮೇಷ್ಟರನ್ನು ಕಂಡ ಮಕ್ಕಳು 'ಲಾವ್‌ಷ್ ಹಾವ್' ಅನ್ನುತ್ತಾರೆ: 'ಲಾವ್‌ಷ್' ಎಂದರೆ ಮೇಷ್ಟರು. ಮನೆತನದ ಹೆಸರು ಗೊತ್ತಿದ್ದರೆ 'ವಾಂಗ್ ಲಾವ್‌ಷ್ ಹಾವ್'. 'ನೀವು' ಎಂಬ ಗೌರವಕ್ಕೆ 'ನಿನ್' ಇದೆ. ಬೀಜಿಂಗ್‌ನಲ್ಲಿ ಧಾರಾಳ, ದಕ್ಷಿಣದಲ್ಲಿ ಅಪರೂಪ.

'ತ್ವೇಪುಛಿ'ಯನ್ನು ಎಲ್ಲ ಕಡೆ ಕ್ಷಮೆಗೆ ಬಳಸುವುದು ಹೊಸಬರ ಸಾಮಾನ್ಯ ತಪ್ಪು. ಅದು ನಿಜವಾದ ತಪ್ಪಿಗೆ. ಮೆಟ್ರೋದಲ್ಲಿ ದಾರಿ ಬಿಡಿಸಿಕೊಳ್ಳಲು, ತಡವಾಗಿ ಬಂದು ಸಂಕೋಚಪಡಲು 'ಪೂ ಹಾವ್ ಈ ಸ' ಸಾಕು. 'ಶ್ಯೇಶ್ಯ', ಅಂದರೆ ಧನ್ಯವಾದ, ಅಂಗಡಿಯಲ್ಲಿ ಸರಿ. ಆದರೆ ತೀರಾ ಆಪ್ತರಿಗೆ ಮಾತುಮಾತಿಗೂ ಹೇಳಿದರೆ ದೂರ ಇಟ್ಟಂತಾಗುತ್ತದೆ. ನಾವೂ ಅಮ್ಮ ಅನ್ನ ಬಡಿಸಿದ್ದಕ್ಕೆ ಧನ್ಯವಾದ ಅನ್ನುವುದಿಲ್ಲವಲ್ಲ.

ಉಚ್ಚಾರಣೆಗೆ ಒಂದು ಉಪಾಯ. ಚೀನೀ ಉಚ್ಚಾರಣೆಯನ್ನು ಬರೆದು ತೋರಿಸಲು 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್‌ಯಿನ್ ಪದ್ಧತಿ ರೋಮನ್ ಲಿಪಿಯನ್ನು ಬಳಸುತ್ತದೆ, ಆದರೆ ಅದರ 'ಬಿ' ನಮ್ಮ 'ಪ', 'ಪಿ' ನಮ್ಮ ಮಹಾಪ್ರಾಣ 'ಫ'. 'ಡಿ', 'ಟಿ'ಗಳ ನಡುವೆಯೂ ಅದೇ ಅಲ್ಪಪ್ರಾಣ–ಮಹಾಪ್ರಾಣ ವ್ಯತ್ಯಾಸ. ವರ್ಣಮಾಲೆ ಕಲಿತವರಿಗೆ ಇದು ಐದು ನಿಮಿಷದ ಪಾಠ. ಸ್ವರದ ಏರಿಳಿತ ಮಾತ್ರ ನಮ್ಮ ಲಿಪಿಗೆ ಸಿಗದು, ನಾನಿಲ್ಲಿ ಬರೆದಿರುವುದೂ ಅಂದಾಜೇ. ಅದಕ್ಕೆ ಧ್ವನಿಮುದ್ರಣ ಕೇಳಿಸಲೇಬೇಕು.

ನನ್ನ ತರಗತಿಯ ಕೊನೆಯ ಐದು ನಿಮಿಷ ಬಾಗಿಲ ಬಳಿ ನಡೆಯುತ್ತದೆ. ಹೊರಡುವವರು 'ತ್ಸಾಯ್‌ಚ್ಯೆನ್', ಅಂದರೆ ಮತ್ತೆ ಕಾಣೋಣ, ಅನ್ನಬೇಕು. ಉಳಿದವರು 'ಮಾನ್ ತ್ಸೋವ್', ಅಂದರೆ ನಿಧಾನವಾಗಿ ಹೋಗಿ, ಅನ್ನಬೇಕು. ಒಮ್ಮೆ ಒಬ್ಬರು ಇದನ್ನು ಕೇಳಿ ನಿಜವಾಗಿಯೂ ಹೆಜ್ಜೆ ನಿಧಾನ ಮಾಡಿದರು. ನಿಮ್ಮ ಹದಿನೈದನ್ನು ಆರಿಸಿಕೊಂಡು ಇಲ್ಲಿ ಹಾಕಿ, ಉತ್ತರಗಳನ್ನು ಜೋಡಿಸಿಕೊಡುತ್ತೇನೆ.