ಅಕ್ಕನ ಅಂಕಣ: ಹೋದವರ ವಹಿ

ಪ್ರಶ್ನೆ: ಅಕ್ಕಾವ್ರಿಗೆ ಶರಣು. ನಾನು ಬೀಳಗಿ ತಾಲ್ಲೂಕಿನವ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವ. ನಮ್ಮೂರು ಆಲಮಟ್ಟಿ ಹಿನ್ನೀರಿಗೆ ಹೋಯಿತು, ಈಗ ಪುನರ್ವಸತಿ ಕೇಂದ್ರದಲ್ಲಿ ಇದ್ದೇವೆ. ಹೋದ ವರ್ಷ ಮಗನ ಹತ್ತಿರ ಅಮೆರಿಕದ ಅಯೋವಾಕ್ಕೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಕಣ್ಣು ಹಾಯಿಸಿದಷ್ಟು ದೂರ ಗೋವಿನಜೋಳ, ಸೋಯಾ. ಮಗ ಇರುವ ಊರು ಬೀಳಗಿಗಿಂತ ಸಣ್ಣದು. ಅಲ್ಲಿಯ ಲೈಬ್ರರಿಯಲ್ಲಿ ಒಂದು ಕಪಾಟಿನ ತುಂಬ ದಪ್ಪ ಫೈಲುಗಳು. ಊರಲ್ಲಿ ಯಾರು ತೀರಿಕೊಂಡರೂ ವಾರಪತ್ರಿಕೆಯಲ್ಲಿ ಅವರ ಬದುಕು ಅಚ್ಚಾಗುತ್ತದೆ, ಅದನ್ನು ಕತ್ತರಿಸಿ ಅಂಟಿಸಿ ಇಟ್ಟಿದ್ದಾರೆ. ಮಗ ಕೂತು ಓದಿ ಹೇಳಿದ. ಒಬ್ಬ ರೈತ ಎಲ್ಲಿ ಹುಟ್ಟಿದ, ತಾಯಿಯ ತವರಿನ ಹೆಸರೇನು, ಯಾವ ಶಾಲೆ, ಯಾರನ್ನು ಲಗ್ನವಾದ, ಎಷ್ಟು ವರ್ಷ ಹಾಲಿನ ದನ ಕಟ್ಟಿದ, ಯಾರನ್ನು ಬಿಟ್ಟು ಹೋದ. ಕೊನೆಗೆ ಅವನಿಗಿಂತ ಮೊದಲೇ ಹೋದವರ ಹೆಸರು. ಅದರಲ್ಲಿ ಹುಟ್ಟಿದ ದಿನವೇ ತೀರಿದ ಕೂಸಿನ ಹೆಸರೂ ಇತ್ತು. ಮೇ ಕೊನೆಯ ಸೋಮವಾರ ಊರಿಗೆ ಊರೇ ಸ್ಮಶಾನಕ್ಕೆ ಹೂವು ಒಯ್ಯುತ್ತಿತ್ತು. ಒಂದು ಕಲ್ಲಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರು. ಹೆಂಡತಿ ಇನ್ನೂ ಬದುಕಿದ್ದಾಳೆ, ಹುಟ್ಟಿದ ವರ್ಷ ಕೊರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ನನಗೆ ನಮ್ಮೂರಿನವರ ನೆನಪಾಗಿ ಅಲ್ಲೇ ನಿಂತುಬಿಟ್ಟೆ. ನಮ್ಮವರ ಕುಣಿಗಳೂ ನೀರೊಳಗೆ. ನಾವೂ ಹಿಂಗ ಏನರ ಮಾಡಬಹುದೇ? ಎಲ್ಲಿಂದ ಸುರು ಮಾಡಬೇಕು? ನಮ್ಮದು ದೊಡ್ಡ ಊರಲ್ಲ, ನಮ್ಮವರು ದೊಡ್ಡ ಮಂದಿಯೂ ಅಲ್ಲ.

ಉತ್ತರ: ಶರಣು ಅಣ್ಣಾವ್ರೇ. ನಿಮ್ಮ ಪತ್ರ ಓದಿ ಎರಡು ದಿನ ನನಗೆ ಉತ್ತರ ಬರೆಯಲು ಕೈ ಏಳಲಿಲ್ಲ. ನನ್ನ ತವರೂರೂ ಅದೇ ನೀರಿನ ಕೆಳಗಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ನಾನು ತೊಟ್ಟಿಲ ಕೂಸು. ಅಣೆಕಟ್ಟಿನ ನೀರು ಸಮುದ್ರಮಟ್ಟದಿಂದ 519.60 ಮೀಟರಿಗೆ ಬಂದು ನಿಲ್ಲುವ ಹೊತ್ತಿಗೆ ತಲೆಗೂದಲು ಬೆಳ್ಳಗಾಗತೊಡಗಿತ್ತು. ಒಂದು ಬೇಸಿಗೆ ನೀರು ಇಳಿದಾಗ ನೋಡಲು ಹೋದೆ. ಹಣಮಪ್ಪನ ಗುಡಿಯ ಎರಡು ಕಂಬ, ಅಗಸಿಯ ಕಲ್ಲು, ಬಿರುಕು ಬಿಟ್ಟ ಎರೆಮಣ್ಣು. ಅವ್ವನ ಕುಣಿಯ ಗುರುತು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವತ್ತು ಸಂಜೆ ಬಾಗಲಕೋಟೆಯ ನವನಗರಕ್ಕೆ ಮರಳಿ ಬಂದು, ಶಾಲೆಯ ಒಂದು ಹಳೆಯ ನೋಟ್‌ಬುಕ್ ತೆಗೆದು ಮೇಲೆ ‘ಹೋದವರ ವಹಿ’ ಅಂತ ಬರೆದೆ. ಈಗ ಮೂರು ನೋಟ್‌ಬುಕ್ ತುಂಬಿವೆ. ಆದ್ದರಿಂದ ಇದು ಆಗುವ ಕೆಲಸ ಅಂತ ಧೈರ್ಯವಾಗಿ ಹೇಳುತ್ತೇನೆ.

‘ದೊಡ್ಡ ಮಂದಿಯೂ ಅಲ್ಲ’ ಅಂತ ಬರೆದಿರಲ್ಲ, ಆ ಮಾತು ನನಗೆ ನೋವು ತಂದಿತು. ನಮ್ಮ ನೆಲದಲ್ಲಿ ಸತ್ತವರ ಕಲ್ಲಿಗೆ ಬರವಿಲ್ಲ. ಆದರೆ ವೀರಗಲ್ಲು ಬೇಕಾದರೆ ದನ ಬಿಡಿಸಿ ತರುವಾಗಲೋ ಕಾಳಗದಲ್ಲೋ ಬೀಳಬೇಕಿತ್ತು. ಮಾಸ್ತಿಕಲ್ಲು ಬೇಕಾದರೆ ಹೆಣ್ಣುಮಗಳು ಬೆಂಕಿಗೆ ಬೀಳಬೇಕಿತ್ತು. ಬಾಣಂತಿತನದಲ್ಲಿ ಹೋದವಳಿಗೆ, ನಲವತ್ತು ವರ್ಷ ಬಿತ್ತಿ ಬೆಳೆದು ಹಾಸಿಗೆಯ ಮೇಲೆ ಕಣ್ಣು ಮುಚ್ಚಿದವನಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ನಿಮ್ಮ ಅಯೋವಾದ ಫೈಲಿನಲ್ಲಿ ನನಗೆ ಹಿಡಿಸಿದ್ದು ಅದೇ: ದನ ಕಟ್ಟಿದವನಿಗೂ ಒಂದು ಪುಟ ಇದೆ.

ಬಾದಾಮಿಗೆ ಹೋದಾಗ ಅಗಸ್ತ್ಯತೀರ್ಥದ ದಡದ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಸುಮಾರು 1300 ವರ್ಷದ ಹಿಂದಿನದು. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್.’ ಇದನ್ನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ, ಕನ್ನಡದ ಅತಿ ಹಳೆಯ ತ್ರಿಪದಿ ಅಂತ ಹೆಮ್ಮೆಪಟ್ಟಿದ್ದೇನೆ. ಆದರೆ ವಹಿ ಬರೆಯಲು ಕೂತ ಮೇಲೆ ಒಂದು ಕೊರಗು ಹುಟ್ಟಿತು. ಅಷ್ಟು ಚಂದದ ಮಾತು ಕೊರೆಸಿದವರು ಅವನ ತಾಯಿ ಯಾರು, ಯಾವ ದಿನ ಯಾರಿಗೆ ಸಾಧುವಾಗಿದ್ದ, ಮಾಡಿದ್ದು ಏನು ಅಂತ ಒಂದೇ ಒಂದು ಸಾಲು ಹಾಕಿದ್ದರೆ! ಗುಣ ಉಳಿಯಿತು, ಮನುಷ್ಯ ಉಳಿಯಲಿಲ್ಲ. ನಾವು ಇಂದು ಹಚ್ಚುವ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲೂ ಇದೇ ಆಗುತ್ತಿದೆ. ‘ಅಜಾತಶತ್ರು, ಸರಳ ಸಜ್ಜನ, ಕೊಡುಗೈ ದಾನಿ.’ ಹೆಸರು ಅಳಿಸಿ ಬೇರೆಯವರದು ಬರೆದರೂ ನಡೆಯುತ್ತದೆ. ಮಳೆಗಾಲ ಬಂದರೆ ಆ ಫ್ಲೆಕ್ಸು ಮೇವಿನ ಬಣವಿಯ ಮೇಲೆ.

ಆದ್ದರಿಂದ ನನ್ನ ಮೊದಲ ಮಾತು: ಗುಣ ಬರೆಯಬೇಡಿರಿ, ಮಾಡಿದ್ದು ಬರೆಯಿರಿ. ನನ್ನ ವಹಿಯಲ್ಲಿ ನಮ್ಮೂರ ಒಬ್ಬ ಕಾಕಾ ಇದ್ದಾನೆ. (ಹೆಸರು ವಹಿಯಲ್ಲಿದೆ, ಇಲ್ಲಿ ಅವನ ಮನೆಯವರನ್ನು ಕೇಳದೆ ಹಾಕುವುದಿಲ್ಲ.) ಹೊಲ ಇರಲಿಲ್ಲ, ಪಹಣಿ ಉತಾರಿನಲ್ಲಿ ಅವನ ಹೆಸರು ಹುಡುಕಿದರೆ ಸಿಗುವುದಿಲ್ಲ. ಊರಲ್ಲಿ ಯಾರ ಹಗೇವು (ನೆಲದೊಳಗೆ ಜೋಳ ತುಂಬಿಡುವ ಗುಂಡಿ) ತೆಗೆಯುವುದಿದ್ದರೂ ಅವನನ್ನೇ ಕರೆಯುತ್ತಿದ್ದರು. ಬಾಯಿಯ ಕಲ್ಲು ಸರಿಸಿ ಅರ್ಧ ದಿನ ಹಾಗೇ ಬಿಡುತ್ತಿದ್ದ. ಎಂಥ ಗೌಡ ಅವಸರ ಮಾಡಿದರೂ ಕೇಳುತ್ತಿರಲಿಲ್ಲ. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದ. ಕಂದೀಲು ಆರಿದರೆ ಒಳಗೆ ಕೆಟ್ಟ ಗಾಳಿ, ಇಳಿದವ ಏಳುವುದಿಲ್ಲ. ಉರಿದರೆ ತಾನೇ ಮೊದಲು ಇಳಿದು, ಒಂದು ಹಿಡಿ ಜೋಳ ಮೂಗಿಗೆ ಹಿಡಿದು, ತಳದ ಜೋಳ ಬೆಚ್ಚಗಾಗಿದೆಯೋ ಇಲ್ಲವೋ ಹೇಳುತ್ತಿದ್ದ. ಅವನಿದ್ದಷ್ಟು ವರ್ಷ ನಮ್ಮೂರ ಹಗೇವಿನಲ್ಲಿ ಒಬ್ಬರೂ ಸಾಯಲಿಲ್ಲ. ಇಷ್ಟು ಬರೆದ ಮೇಲೆ ‘ಜವಾಬ್ದಾರಿಯುಳ್ಳ ವ್ಯಕ್ತಿ’ ಅಂತ ಬರೆಯುವ ಗರಜೇ ಬೀಳಲಿಲ್ಲ.

ಇನ್ನು ಎಲ್ಲಿಂದ ಸುರು ಮಾಡುವುದು. ಮಂದಿಯಿಂದ ಬೇಡ, ಓಣಿಯಿಂದ ಸುರು ಮಾಡಿರಿ. ದೊಡ್ಡ ಡ್ರಾಯಿಂಗ್ ಹಾಳೆ ನೆಲದ ಮೇಲೆ ಹಾಸಿ ಹಳೆಯ ಊರಿನ ಅಗಸಿ, ಕಟ್ಟೆ, ಬಾವಿ, ಗುಡಿ, ಮಸೂತಿ ಗುರುತು ಮಾಡಿರಿ. ಎಂಬತ್ತು ದಾಟಿದ ನಾಲ್ವರನ್ನು ಸುತ್ತ ಕೂಡಿಸಿ, ‘ಅಗಸಿ ಒಳಗ ಬಂದ್ರ ಎಡಕ್ಕ ಯಾರ ಮನಿ?’ ಅಂತ ಕೇಳಿರಿ. ‘ಸತ್ತವರ ಹೆಸರು ಹೇಳ್ರಿ’ ಅಂದರೆ ಸುಮ್ಮನಾಗುತ್ತಾರೆ. ಮನೆ ಕೇಳಿದರೆ ಒಳಗಿನವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಮನೆ ಮುಳುಗಡೆಯಾದಾಗ ಬಂದ ಭೂಸ್ವಾಧೀನದ ನೋಟೀಸು ಯಾರಾದರೂ ಟ್ರಂಕಿನಲ್ಲಿ ಇಟ್ಟಿರುತ್ತಾರೆ, ಅದೂ ಸಹಾಯಕ್ಕೆ ಬರುತ್ತದೆ. ಆದರೆ ಅದರಲ್ಲಿ ಮನೆಯ ಒಡೆಯ ಮಾತ್ರ, ಬಾಡಿಗೆಗೆ ಇದ್ದವರು, ಬೇರೆಯವರ ಹಿತ್ತಿಲಲ್ಲಿ ಗುಡಿಸಲು ಹಾಕಿದವರು ಇಲ್ಲ. ಈ ಕೂಟವನ್ನು ಗುಡಿಯ ಕಟ್ಟೆಯ ಮೇಲೆ ಮಾಡಬೇಡಿರಿ. ನಾನು ಮೊದಲ ಸಲ ಆ ತಪ್ಪು ಮಾಡಿದೆ. ಊರ ಹೊರಗಿನ ಕೇರಿಯವರು ಬಂದು ದೂರ ಬೇವಿನ ಮರದ ಕೆಳಗೆ ನಿಂತರು, ಕಟ್ಟೆ ಏರಲಿಲ್ಲ, ಅವರ ಹಿರಿಯರ ಒಂದು ಹೆಸರೂ ಅವತ್ತು ವಹಿಗೆ ಬರಲಿಲ್ಲ. ಎರಡನೇ ಸಲ ಶಾಲೆಯ ಕೋಣೆಯಲ್ಲಿ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತೆವು. ಒಂದು ಮಧ್ಯಾಹ್ನಕ್ಕೆ ಹನ್ನೊಂದು ಮನೆ ತುಂಬಿದವು.

ಹೆಳವರು ಬಂದರೆ ಬಿಡಬೇಡಿರಿ. ನಮ್ಮ ಭಾಗದ ಎಷ್ಟೋ ಮನೆತನಗಳ ವಂಶಾವಳಿ ಅವರ ಹೊತ್ತಿಗೆಯಲ್ಲಿದೆ. ಎತ್ತಿನ ಮೇಲೆ ಬಂದು, ಜೋಳ ಹಾಕಿಸಿಕೊಂಡು, ಏಳೆಂಟು ತಲೆ ಹಿಂದಿನವರ ಹೆಸರು ನೀರು ಕುಡಿದಂತೆ ಹೇಳುವುದನ್ನು ಸಣ್ಣವಳಿದ್ದಾಗ ಕೇಳಿದ್ದೇನೆ. ಆದರೆ ನಮ್ಮ ಮನೆಯದನ್ನು ಓದಿದಾಗ ಅಜ್ಜ, ಮುತ್ತಜ್ಜ, ಅವನಪ್ಪ ಎಲ್ಲ ಬಂದರು, ಅಮ್ಮ (ಅಜ್ಜಿ) ಮಾತ್ರ ಬರಲಿಲ್ಲ. ನೀವು ನೋಡಿದ ಅಮೆರಿಕದ ಹಳೆಯ ಪತ್ರಿಕೆಗಳಲ್ಲೂ ಹೆಣ್ಣುಮಕ್ಕಳನ್ನು ಗಂಡನ ಹೆಸರಿನ ಹಿಂದೆ ‘ಶ್ರೀಮತಿ’ ಸೇರಿಸಿ ಬರೆಯುವ ರೂಢಿ ಇತ್ತು, ಸ್ವಂತ ಹೆಸರು ಅಲ್ಲೂ ಕಾಣೆಯಾಗುತ್ತಿತ್ತು. ನಿಮ್ಮ ವಹಿಯಲ್ಲಿ ಹೆಂಗಸರ ಹೆಸರು, ಅವರ ತವರೂರು, ಲಗ್ನದ ಮೊದಲು ಕರೆಯುತ್ತಿದ್ದ ಹೆಸರು ಮೊದಲು ಬರೆಯಿರಿ. ವಾರಸಾ ಮಾಡಿಸಿದ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದುಂಟು, ಮನೆಮನೆಯಲ್ಲಿ ಕೇಳಿ ನೋಡಿರಿ.

ಇನ್ನೊಂದು. ಮಣ್ಣಿಗೆ ಹೋದಾಗ ಹೆಂಗಸರು ಹಾಡ್ಯಾಡಿ ಅಳುವುದನ್ನು ಕಿವಿಗೊಟ್ಟು ಕೇಳಿರಿ. ನಮ್ಮ ಅವ್ವ ತೀರಿದಾಗ ಬಾಜೂಮನೆಯ ದೊಡ್ಡವ್ವ ಅವ್ವನ ಕಾಲು ಹಿಡಿದು, ‘ಹೊಳಿ ಬಂದ ರಾತ್ರಿ ನನ ಕೂಸಿನ ಬುಟ್ಟಿ ನಿನ ತಲಿಮ್ಯಾಲ ಹೊತ್ತೆವ್ವಾ’ ಅಂತ ಅತ್ತಳು. ನನಗೆ ಅದು ಗೊತ್ತೇ ಇರಲಿಲ್ಲ. ಅವ್ವ ಯಾವತ್ತೂ ಹೇಳಿರಲಿಲ್ಲ. ಆ ಕೂಸು ಈಗ ಜಮಖಂಡಿಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ಅವತ್ತೇ ರಾತ್ರಿ, ಹೊರಗೆ ಭಜನೆಯ ತಾಳ ಕೇಳುತ್ತಿರುವಾಗ, ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದಿಟ್ಟೆ. ನನ್ನ ವಹಿಯ ಮೊದಲ ಪುಟಕ್ಕೆ ಅಂಟಿಸಿದ್ದು ಅದೇ ಹಾಳೆ.

ಪ್ರಶ್ನೆ: ಅಕ್ಕಾರೀ, ನಾನು ಗೋಕಾಕ ತಾಲ್ಲೂಕಿನ ಗೃಹಿಣಿ. ನಮ್ಮತ್ತಿಯವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಸಮಾಧಿಗೆ ಕಲ್ಲು ಹಾಕಿಸಬೇಕು. ಹುಟ್ಟಿದ ತಾರೀಖು ಆಧಾರ್‌ನಲ್ಲಿ ಜನವರಿ 1 ಇದೆ, ಅದು ಖರೆ ಅಲ್ಲ ಅಂತ ಎಲ್ಲರಿಗೂ ಗೊತ್ತು. ‘ಸೀಗಿ ಹುಣ್ಣಿವಿ ಮರುದಿನ ಹುಟ್ಟಿದಾಕಿ’ ಅಂತ ಅವರೇ ಹೇಳುತ್ತಿದ್ದರು. ಖರೆ ತಾರೀಖು ಹೆಂಗ ಹುಡುಕುವುದು?

ಉತ್ತರ: ತಾರೀಖು ನಿಮ್ಮ ಅತ್ತೆಯವರೇ ಕೊಟ್ಟು ಹೋಗಿದ್ದಾರಲ್ಲ! ವರ್ಷವೊಂದು ಸಿಕ್ಕರೆ ಸಾಕು. ಹಳೆಯವರಿಗೆ ಇಸವಿ ಬರದಿದ್ದರೂ ಸಂವತ್ಸರದ ಹೆಸರು ನೆನಪಿರುತ್ತಿತ್ತು. ಅವರ ತವರಿನಲ್ಲಿ ವಿಚಾರಿಸಿರಿ. ‘ತಾರಣ’ ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿವರೆಗೆ, ‘ಸರ್ವಜಿತ್’ ಅಂದರೆ ಸ್ವಾತಂತ್ರ್ಯ ಬಂದ ವರ್ಷ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ ತಪ್ಪುವ ಭಯವಿಲ್ಲ. ತಾರಣದ ಸೀಗೆ ಹುಣ್ಣಿಮೆ ಅಂದರೆ 1944ರ ಅಕ್ಟೋಬರ್ ಸುಮಾರಿಗೆ ಬಂದು ನಿಲ್ಲುತ್ತೀರಿ. ಸಂವತ್ಸರ ಸಿಗದಿದ್ದರೆ ಊರಿನ ಗುರುತು ಕೇಳಿರಿ: ಗಾಂಧಿ ಹೋದಾಗ (1948ರ ಜನವರಿ) ನಡೆಯುತ್ತಿದ್ದಳೋ, ಸಾಲಿಗೆ ಹೋಗುತ್ತಿದ್ದಳೋ? ಎಪ್ಪತ್ತೆರಡರ ಬರಕ್ಕೆ ಎಷ್ಟು ಮಕ್ಕಳಾಗಿದ್ದವು? ಶಾಲೆಯ ದಾಖಲಾತಿ ರಜಿಸ್ಟರ್ ಸಿಕ್ಕರೆ ನೋಡಿರಿ, ಆದರೆ ಅಲ್ಲಿ ಜೂನ್ 1 ಇದ್ದರೆ ನಂಬಬೇಡಿರಿ. ಆಗಿನ ಗುರುಗಳು ಹೆಸರು ಹಚ್ಚುವ ದಿನ ಎಷ್ಟೋ ಮಕ್ಕಳಿಗೆ ಅದೇ ತಾರೀಖು ಹಾಕಿಬಿಡುತ್ತಿದ್ದರು. ನಾನು ಶಿಕ್ಷಕಿಯಾಗಿದ್ದವಳು, ಅಂಥ ರಜಿಸ್ಟರ್ ಕಣ್ಣಾರೆ ನೋಡಿದ್ದೇನೆ.

ನನ್ನನ್ನು ಕೇಳಿದರೆ ಕಲ್ಲಿನ ಮೇಲೆ ‘ತಾರಣ ಸಂವತ್ಸರ, ಸೀಗೆ ಹುಣ್ಣಿಮೆಯ ಮರುದಿನ’ ಅಂತಲೇ ಕೊರೆಸಿರಿ, ಸಂವತ್ಸರ ಯಾವುದು ಸಿಗುತ್ತದೋ ಅದು. ಹುಣ್ಣಿಮೆಗೆ ಹೊಲದಲ್ಲಿ ಚರಗದ ನೈವೇದ್ಯ ಚೆಲ್ಲಿ ಬಂದ ಮರುದಿನ ಹುಟ್ಟಿದವಳಿಗೆ ಜನವರಿ 1 ಯಾಕೆ?

ಪ್ರಶ್ನೆ: ಅಕ್ಕಾ, ನಾನು ಇಂಡಿ ತಾಲ್ಲೂಕಿನವಳು, ವಿಜಯಪುರದಲ್ಲಿ ಬಿ.ಎ. ಓದುತ್ತಿದ್ದೇನೆ. ನಮ್ಮ ಮುತ್ಯಾನ (ಅಜ್ಜನ) ಬಗ್ಗೆ ಬರೆಯಬೇಕು ಅಂತಿದ್ದೇನೆ. ಊರವರೆಲ್ಲ ಅವನನ್ನು ಹೊಗಳುತ್ತಾರೆ, ಕೆರೆ ಕಟ್ಟಲು ಮುಂದೆ ನಿಂತವ ಅಂತ. ಆದರೆ ಆಯಿಯನ್ನು (ಅಜ್ಜಿಯನ್ನು) ಹೊಡೆಯುತ್ತಿದ್ದ. ಆಯಿ ಇನ್ನೂ ಇದ್ದಾಳೆ. ಸತ್ತವರ ಕೆಟ್ಟದ್ದು ಬರೆಯಬಾರದು ಅಂತಾರೆ ಅಪ್ಪ. ನಾನು ಏನು ಮಾಡಲಿ?

ಉತ್ತರ: ತಂಗೆವ್ವ, ಕೆರೆಯೂ ಖರೆ, ಹೊಡೆತವೂ ಖರೆ. ಕೆರೆಯನ್ನು ಮಾತ್ರ ಬರೆದರೆ ಆಯಿಯ ಅಷ್ಟೂ ವರ್ಷ ಅಳಿಸಿದಂತೆ. ಆದರೆ ಅದನ್ನು ಬರೆಯುವ ಹಕ್ಕು ನಿನಗಿಂತ, ನಿಮ್ಮಪ್ಪನಿಗಿಂತ ಮೊದಲು ಆಕಿಯದು. ಮುತ್ಯಾನ ಪುಟ ಸದ್ಯಕ್ಕೆ ಮುಚ್ಚಿಡು, ಆಯಿಯ ಪುಟ ತೆಗೆ. ನೋಟ್‌ಬುಕ್ ಹಿಡಿದು ಮುಂದೆ ಕೂತರೆ ಏನೂ ಹೇಳಲಿಕ್ಕಿಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುವಾಗ ನೀನೂ ಒಂದು ಕುಟ್ಟುವ ಕಲ್ಲು ಹಿಡಿದು ಬಾಜೂಕ ಕೂಡು. ಮುತ್ಯಾನ ಬಗ್ಗೆ ಕೇಳಬೇಡ, ಆಕಿ ಈ ಮನೆಗೆ ಬಂದ ಮೊದಲ ದಿನ ಏನು ಉಟ್ಟಿದ್ದಳು ಅಂತ ಕೇಳು. ಆಕಿ ಹೇಳಿದ್ದನ್ನು ಬರೆದು, ರಾತ್ರಿ ಆಕಿಗೇ ಓದಿ ಹೇಳು. ‘ಇದು ಇರಲಿ’ ಅಂದದ್ದು ಇರಲಿ, ‘ಇದು ಬ್ಯಾಡ’ ಅಂದದ್ದನ್ನು ಆಕಿಯ ಮುಂದೆಯೇ ಹೊಡೆದುಹಾಕು.